ಏಳನೇ ಡಬ್ಬದ ಮೇಲಿನ ಗುರುತು

ಜನವರಿ 9

ತಮ್ಮನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ನಿನ್ನ ಹೆಂಡತಿಗೆ ಹೇಳಿದರೆ "ಅವರು ಗ್ಯಾಸ್ ಕಟಿಂಗ್‌ನಲ್ಲಿದ್ದಾರೆ ಅತ್ತಿಗೆ" ಎನ್ನುತ್ತಾಳೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಉತ್ತರ. ಒಬ್ಬ ಮನುಷ್ಯ ಅಷ್ಟೊಂದು ಕಬ್ಬಿಣ ಕೊಯ್ಯಲಾರ ಎಂದು ನನಗೂ ಗೊತ್ತು. ಅದಕ್ಕೇ ಈ ಕಾಗದ.

ಎರಡು ವರ್ಷಕ್ಕೊಮ್ಮೆ ಬರುವ ಆ ಉತ್ಸವದ ಈ ಸಲದ ಹೆಬ್ಬಾಗಿಲು ಮತ್ತು ವೇದಿಕೆಯ ವಿನ್ಯಾಸ ಮತ್ತೆ ನನಗೇ ಬಂದಿದೆ. ಈಗಲೂ ಹಡಗಿನಿಂದ ಇಳಿದ ಹಳೆಯ ಕಂಟೇನರ್‌ಗಳೇ, ಒಟ್ಟು ಹನ್ನೊಂದು. ಹತ್ತು ದಿನ ನಿಲ್ಲಬೇಕು, ಆಮೇಲೆ ಬಿಚ್ಚಿ ಅವುಗಳ ಪಾಡಿಗೆ ಅವನ್ನು ಕಳಿಸಬೇಕು. ಸಮಿತಿಯವರು ಕರೆದು ಹೇಳಿದಾಗ ಸಂತೋಷಕ್ಕಿಂತ ಮೊದಲು ನಿನ್ನ ನೆನಪು ಬಂತು. ಅದು ಪ್ರೀತಿಯೋ ಭಯವೋ ಎಂದು ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಯೋಚಿಸಿದೆ.

ಕೇಳಬೇಕಾದದ್ದು ಒಂದು ಪ್ರಶ್ನೆ. ನಿನ್ನೆ ಡಿಪೋಗೆ ಹೋಗಿ ಡಬ್ಬಗಳನ್ನು ನೋಡಿದೆ. ಒಳಗೆಲ್ಲ ಕೊಲೆ ತುಂಬಿದೆ, ತೊಳೆಸಬೇಕು. ಎರಡು ಡಬ್ಬಗಳ ಮೂಳೆಗಂಬಗಳಿಗೆ ಬುಡದಲ್ಲಿ ತುಕ್ಕು ಹಿಡಿದಿದೆ. ಸುತ್ತಿಗೆಯಲ್ಲಿ ತಟ್ಟಿದರೆ ಸಿಪ್ಪೆ ಏಳುತ್ತದೆ, ತೂತು ಬಿದ್ದಿಲ್ಲ. ಅವನ್ನು ಕೆಳಗಿನ ಸಾಲಿನಲ್ಲಿ ಇಡಬಹುದೇ? ಬೇರೆಯವರನ್ನು ಕೇಳಬಹುದಿತ್ತು. ಕೇಳಿಯೂ ಕೇಳಿದೆ. ಇಬ್ಬರನ್ನು ಕೇಳಿದೆ, ಎರಡು ಥರ ಹೇಳಿದರು.

ಅಮ್ಮನ ಕಣ್ಣು ಹೇಗಿದೆ? ಫೋನ್ ಮಾಡಿದಾಗ ತನ್ನ ವಿಷಯ ಒಂದು ಬಿಟ್ಟು ಬೀದಿಯವರದೆಲ್ಲ ಹೇಳುತ್ತಾಳೆ.

ನಿನ್ನ ಅಕ್ಕ


ಜನವರಿ 20

ಅಕ್ಕನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಬರೆದಿದ್ದೇನೆ ಎಂದೇ ತಿಳಿ.

ಡಬ್ಬದೊಳಗೆ ಕೊಲೆ ತುಂಬಿದ್ದರೆ ನನಗಲ್ಲ, ಪೊಲೀಸರಿಗೆ ಬರೆಯಬೇಕು. ಕೊಳೆ ಇರಬಹುದು, ನೋಡು. ಹಾಗೆಯೇ ಡಬ್ಬಕ್ಕಿರುವುದು ಮೂಲೆಗಂಬ. ಮೂಳೆ ಇರುವುದು ನನಗೆ, ನಿನಗೆ. ಅಷ್ಟು ದೊಡ್ಡ ಇಂಗ್ಲಿಷ್ ಶಾಲೆಗೆ ನಿನ್ನನ್ನು ಕಳಿಸಿದರು, ಅವರು ಒಂದು ಳಕಾರ ಕೊಟ್ಟು ಕಳಿಸಲಿಲ್ಲ. ಮನೆ ಎದುರಿನ ಶಾಲೆಯಲ್ಲಿ ನಮಗೆ ಅದನ್ನು ಬಿಟ್ಟಿ ಕೊಡುತ್ತಿದ್ದರು.

ನಿನ್ನ ಪ್ರಶ್ನೆಗೆ ಉತ್ತರ: ಬುಡಕ್ಕೆ ತುಕ್ಕು ಹಿಡಿದದ್ದು ಕೆಳಗೆ ಬೇಡವೇ ಬೇಡ. ಮೇಲಿಟ್ಟರೂ ಅಡ್ಡ ಇಡಬೇಡ, ಕೆಳಗಿನದರ ನೇರಕ್ಕೇ ಇಡು. ಮೂಲೆಯ ಮೇಲೆ ಮೂಲೆ ಕೂತರೆ ಎಂಥ ಮುದಿ ಡಬ್ಬವೂ ನಿಲ್ಲುತ್ತದೆ. ಅಡ್ಡ ಇಟ್ಟರೆ ಭಾರ ಗೋಡೆಯ ಮೇಲೆ ಬೀಳುತ್ತದೆ. ಗೋಡೆ ಎಂದರೆ ಎರಡು ಮಿಲಿಮೀಟರೂ ಇಲ್ಲದ ತಗಡು. ಅದನ್ನು ನೆರಿಗೆ ಮಾಡಿದ್ದಾರೆ ಎನ್ನುವುದೊಂದೇ ಧೈರ್ಯ. ಇದು ನಿನಗೂ ಗೊತ್ತು, ನನಗೂ ಗೊತ್ತು. ಇಬ್ಬರಿಗೂ ಮರೆಯದ ಹಾಗೆ ಗೊತ್ತಾಗಿದೆ.

ಕೆಲಸಕ್ಕೆ ಬಾ ಎಂದು ನೀನು ಎಲ್ಲೂ ಬರೆದಿಲ್ಲ. ಆದರೂ ಹೇಳಿಬಿಡುತ್ತೇನೆ, ಆಗುವುದಿಲ್ಲ. ಭಾರ ಹೊರುವ ಯಾವ ಕೆಲಸಕ್ಕೂ ನನ್ನ ಸಹಿ ನಡೆಯದು ಎಂದು ಸುರಕ್ಷತಾ ಕಚೇರಿಯವರು ಬರೆದು ಎರಡು ವರ್ಷವಾಯಿತು. ಈಗ ಮಾಡುವುದು ಗೇಟು, ಕಿಟಕಿ ಗ್ರಿಲ್ಲು, ಅಂಗಡಿ ಶಟರು. ಮೊನ್ನೆ ಒಬ್ಬರು ನಾಯಿಗೂಡು ಮಾಡಿಸಿಕೊಂಡು ಹೋದರು. "ಗಟ್ಟಿ ಇರುತ್ತೆ ತಾನೇ?" ಎಂದು ಕೇಳಿದರು. ನಾಯಿ ಎಷ್ಟು ತೂಕ ಎಂದು ಕೇಳಿದೆ. ಅಪ್ಪನ ವರ್ಕ್‌ಶಾಪಿನಲ್ಲಿ ನಿಂತು ಈ ಪ್ರಶ್ನೆ ಕೇಳುತ್ತೇನೆ ಎಂದು ನಾನು ಅಂದುಕೊಂಡಿರಲಿಲ್ಲ.

ಕಾಗದ ಬಂದದ್ದನ್ನು ಅಮ್ಮ ನೋಡಿದಳು. "ಏನಂತೆ ಅವಳದು?" ಎಂದಳು. ತುಕ್ಕಿನ ವಿಷಯ ಎಂದೆ. "ತುಕ್ಕು ಕೇಳೋಕೆ ಸ್ಟಾಂಪ್ ಹಚ್ಚಿದಾಳಾ?" ಎಂದಳು. ಕಣ್ಣು ಚೆನ್ನಾಗಿಯೇ ಕಾಣುತ್ತಿದೆ ಅವಳಿಗೆ.

ಇಂತಿ,
ತಮ್ಮ


ಫೆಬ್ರವರಿ 11

ತಮ್ಮನಿಗೆ,

ಕೊಳೆ ತೊಳೆಸಿದೆ. ತುಕ್ಕಿನ ಡಬ್ಬಗಳನ್ನು ವಾಪಸು ಕಳಿಸಿ ಬೇರೆ ಎರಡು ತರಿಸಿದೆ.

ತೊಳೆದ ಮೇಲೆ ಒಂದರೊಳಗೆ ಸುಮ್ಮನೆ ಕೂತಿದ್ದೆ. ಹೊರಗೆ ಬಿಸಿಲು, ಒಳಗೆ ಕತ್ತಲು. ತಗಡಿನ ಸೂಜಿ ತೂತುಗಳಿಂದ ಬೆಳಕು ನೂಲಿನ ಹಾಗೆ ಇಳಿಯುತ್ತಿತ್ತು. ಹಲಗೆಯ ನೆಲದ ಮೇಲೆ ಯಾರದೋ ಸಾಮಾನು ಎಳೆದ ಗೀರುಗಳು. ಗೋಡೆಯಲ್ಲಿ ಯಾರೋ ಮೂಟೆ ಎಣಿಸುತ್ತ ಹಾಕಿದ ಗೆರೆಗಳು, ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಯಾವ ದೇಶದವನೋ ಏನೋ, ಎಣಿಸುವುದು ನಮ್ಮ ಹಾಗೆಯೇ. ಇದನ್ನು ನಿನಗೆ ಹೇಳಬೇಕು ಎನ್ನಿಸಿತು. ಹಾಗೆ ಅನ್ನಿಸಿದ ಮೇಲೆ, ಬರೆಯಬೇಕಾದದ್ದನ್ನು ಬಿಟ್ಟು ಇದನ್ನೆಲ್ಲ ಬರೆಯುತ್ತ ಹೋಗುವುದು ಸರಿಯಲ್ಲ ಎಂದೂ ಅನ್ನಿಸಿತು. ಬರೆದರೆ ಜಗಳ, ಬರೆಯದಿದ್ದರೆ ಇನ್ನೆರಡು ವರ್ಷ ತುಕ್ಕಿನ ಮಾತೇ.

ಕಳೆದ ಉತ್ಸವದ ಉದ್ಘಾಟನೆಯ ದಿನ, ಅಡ್ಡ ಇಟ್ಟಿದ್ದ ಮೇಲಿನ ಡಬ್ಬ ಒಂದು ಗೇಣು ಕುಸಿಯಿತು. ಅದಕ್ಕೆ ಬೆಸೆದಿದ್ದ ಮೆಟ್ಟಿಲು ಕಿತ್ತುಬಂದು, ಟಿಕೆಟ್ ನೋಡುತ್ತಿದ್ದ ಹೆಂಗಸಿನ ಕಾಲು ಮುರಿಯಿತು. ಅವರು ಈಗ ನಡೆಯುತ್ತಾರೆ, ಸ್ವಲ್ಪ ಎಳೆದುಕೊಂಡು. ಆಗಾಗ ಹೋಗಿ ನೋಡುತ್ತೇನೆ. ಪ್ರತಿ ಸಲವೂ ಅವರೇ ನನ್ನನ್ನು ಸಮಾಧಾನ ಮಾಡಿ ಕಳಿಸುತ್ತಾರೆ.

ಕೆಳಗಿದ್ದ ಏಳನೇ ಡಬ್ಬದ ಗೋಡೆಯಲ್ಲಿ, ಸರಿಯಾಗಿ ಮೇಲಿನ ಭಾರ ಬೀಳುವ ಜಾಗದಲ್ಲೇ, ನಕ್ಷೆಯಲ್ಲಿಲ್ಲದ ಒಂದು ಕಿಟಕಿ ಇತ್ತು. ಅದನ್ನು ಕೊಯ್ದವನು ನೀನು. ವಿಚಾರಣೆಯಲ್ಲಿ ನೀನು "ಅಕ್ಕ ಹೇಳಿದಳು, ಕೊಯ್ದೆ" ಎಂದೆ. ನಾನು ಹೇಳಿರಲಿಲ್ಲ. ಅವರು ಕೇಳಿದಾಗ ನಾನು ಇಲ್ಲ ಎಂದೆ. ನಿಜವನ್ನೇ ಹೇಳಿದೆ, ಆದರೂ ನಿಜ ಹೇಳಿದವಳ ನೆಮ್ಮದಿ ನನಗೆ ಒಂದು ದಿನವೂ ಸಿಕ್ಕಿಲ್ಲ.

ಯಾಕೆ ಹಾಗೆ ಹೇಳಿದೆ? ಕೈ ತಪ್ಪಿತು ಎಂದಿದ್ದರೆ ನಿನ್ನ ಪರವಾಗಿ ಎಲ್ಲರ ಕಾಲಿಗೂ ಬೀಳುತ್ತಿದ್ದೆ. ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿದೆಯಲ್ಲ, ಅದನ್ನು ನುಂಗಲು ನನ್ನಿಂದ ಆಗಲಿಲ್ಲ.

ಅಕ್ಕ


ಫೆಬ್ರವರಿ 16

ಅಕ್ಕನಿಗೆ,

ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ.

ಉದ್ಘಾಟನೆಗೆ ಐದು ದಿನವಿತ್ತು. ಮಧ್ಯಾಹ್ನ ಏಳನೇ ಡಬ್ಬದ ನೆರಳಿನಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲೇ ಕಂಪ್ರೆಸರ್ ಓಡುತ್ತಿತ್ತು, ಕಿವಿ ಇದ್ದವರಿಗೂ ಏನೂ ಕೇಳಿಸುವಂತಿರಲಿಲ್ಲ. ನೀನು ಬಂದೆ. ಸೀಮೆಸುಣ್ಣ ತೆಗೆದು ಡಬ್ಬದ ಗೋಡೆಯ ಮೇಲೆ ಒಂದು ಚೌಕ ಬರೆದೆ, ಅದರೊಳಗೆ ಮೂಲೆಯಿಂದ ಮೂಲೆಗೆ ಇಂಟು ಗುರುತು ಹಾಕಿದೆ, ಬೆರಳಿನಿಂದ ತಟ್ಟಿ ತೋರಿಸಿದೆ. ನಾನು ತಲೆಯಾಡಿಸಿದೆ. ನೀನೂ ತಲೆಯಾಡಿಸಿ ಸಮಿತಿಯ ಕಾರು ಹತ್ತಿದೆ. ನಾನು ಕೈ ತೊಳೆದು ಬಂದು ಕೊಯ್ದೆ.

ಚೌಕದೊಳಗೆ ಇಂಟು ಹಾಕಿದರೆ ನಿನ್ನ ನಕ್ಷೆಯಲ್ಲಿ ಏನರ್ಥ? ಖಾಲಿ ಜಾಗ. ಕಿಟಕಿ, ಬಾಗಿಲು, ಮೆಟ್ಟಿಲು ಇಳಿಯುವ ಬಾಯಿ. ಹದಿನೈದು ವರ್ಷ ನಿನ್ನ ನಕ್ಷೆ ಓದಿದ್ದೇನೆ. ಓದಲು ಕಲಿಸಿದವಳೂ ನೀನೇ, ಅಮ್ಮ ಊಟಕ್ಕೆ ತಟ್ಟೆ ಇಡಲು ಜಾಗ ಬಿಡಿ ಎಂದು ಬೈಯುತ್ತಿದ್ದಾಗ.

ಅಲ್ಲಿ ಭಾರ ಬೀಳುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಮೇಲಿನ ಡಬ್ಬ ಕೂರುವ ಜಾಗ ಅಲ್ಲಿಂದ ನಾಲ್ಕು ಅಡಿ ಆಚೆ ಇತ್ತು. ಆ ಜಾಗಕ್ಕೆ ಒಳಗಿಂದ ಚಾನೆಲ್ ಎಂಬ ಕಬ್ಬಿಣದ ಪಟ್ಟಿ ಕೊಟ್ಟು ಗಟ್ಟಿ ಮಾಡಿಯೂ ಆಗಿತ್ತು. ಮರುದಿನ ನಾನು ರೇಲಿಂಗ್ ಮಾಡಲು ವರ್ಕ್‌ಶಾಪಿನಲ್ಲಿದ್ದಾಗ ಕ್ರೇನಿನವರು ಡಬ್ಬವನ್ನು ನಾಲ್ಕು ಅಡಿ ಇತ್ತ ತಂದು ಇಟ್ಟು ಹೋಗಿದ್ದಾರೆ. ನಾನು ಮತ್ತೆ ಬರುವ ಹೊತ್ತಿಗೆ ಕಿಟಕಿಗೆ ಒಳಗಿಂದ ಬಟ್ಟೆ, ಹೊರಗಿಂದ ಪೋಸ್ಟರ್. ಏನು ಕಾಣುತ್ತದೆ?

ವಿಚಾರಣೆಯಲ್ಲಿ ನೀನು ಇಂಗ್ಲಿಷಿನಲ್ಲಿ ಮಾತಾಡಿದೆ. ನಾನು ನಿನ್ನ ಬಾಯಿಯನ್ನೇ ನೋಡುತ್ತಿದ್ದೆ. ತುಟಿ ನೋಡಿದರೆ ನನಗೆ ಕನ್ನಡ ತಿಳಿಯುತ್ತದೆ, ಇಂಗ್ಲಿಷ್ ತಿಳಿಯುವುದಿಲ್ಲ. 'ನೋ' ಎಂದದ್ದು ಮಾತ್ರ ತಿಳಿಯಿತು. ಎರಡು ಸಲ.

ಇನ್ನು ಬರೆಯಬೇಡ.

ವರ್ಕ್‌ಶಾಪಿನವನು


ಮಾರ್ಚ್ 19

ತಮ್ಮಾ,

ಬರೆಯಬೇಡ ಎಂದಿದ್ದೆ. ಒಂದು ತಿಂಗಳು ಬರೆಯಲಿಲ್ಲ. ಮೊದಲ ಎರಡು ವಾರ ನಿನ್ನ ಮೇಲಿನ ಸಿಟ್ಟಿಗೆ, ಆಮೇಲಿನ ಎರಡು ವಾರ ನನ್ನ ಮೇಲಿನ ಭಯಕ್ಕೆ.

ಸೀಮೆಸುಣ್ಣದ ಮಾತು ನಿನ್ನ ಕಾಗದದಲ್ಲಿ ಓದುವವರೆಗೂ ನನಗೆ ಮರೆತೇ ಹೋಗಿತ್ತು ಎಂದು ಬರೆಯಲು ಹೊರಟಿದ್ದೆ. ಹೊಡೆದು ಹಾಕಿದೆ. ಮರೆತಿರಲಿಲ್ಲ. ಅದು ಮುಖ್ಯವಲ್ಲ ಎಂದು ಒಂದು ಕಡೆ ಎತ್ತಿಟ್ಟಿದ್ದೆ.

ಎರಡು ವಾರದ ಹಿಂದೆ ಮೈದಾನದಲ್ಲಿ ಹೊಸ ಡಬ್ಬಗಳಿಗೆ ಗುರುತು ಹಾಕುತ್ತಿದ್ದೆ. ನನ್ನ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಕ್ಷೆ ಹಿಡಿದು ಹಿಂದೆ ಬರುತ್ತಿದ್ದಳು, ಎಂಜಿನಿಯರ್, ಚುರುಕು. ಇದ್ದಕ್ಕಿದ್ದ ಹಾಗೆ ನಿಂತು, "ಮೇಡಂ, ಇಲ್ಲೂ ಕಿಟಕಿನಾ? ನಕ್ಷೇಲಿ ಇಲ್ವಲ್ಲ" ಎಂದಳು.

"ಅಯ್ಯೋ, ಕಿಟಕಿ ಅಲ್ಲಮ್ಮ. ಇಲ್ಲಿ ಮುಟ್ಟಬಾರದು ಅಂತ ಗುರುತು."

"ಇಂಟು ಹಾಕಿದೀರಲ್ಲ ಮೇಡಂ?"

"ಅದಕ್ಕೇ ಹಾಕಿದ್ದು."

ಅವಳು ಗೋಡೆ ನೋಡಿದಳು, ಕೈಯಲ್ಲಿದ್ದ ನಕ್ಷೆ ನೋಡಿದಳು, ನನ್ನ ಮುಖ ನೋಡಿದಳು. "ಹಾಗಾದ್ರೆ ಕೊಯ್ಯೋದಕ್ಕೆ ಯಾವ ಗುರುತು?" ಎಂದಳು. ನಾನು ಅಲ್ಲೇ ಒಂದು ಪೇಂಟಿನ ಡಬ್ಬಿಯ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ಇರಬೇಕು ಎಂದುಕೊಂಡು ಆ ಹುಡುಗಿ ನೀರು ತರಲು ಓಡಿದಳು.

ಅಪ್ಪ ಹಾಕುತ್ತಿದ್ದ ಇಂಟು ನೆನಪಿದೆಯಾ? ಚೌಕ ಬರೆದು ಒಳಗೆ ಇಂಟು ಹಾಕಿದರೆ ಅಲ್ಲಿಗೆ ಕೊಯ್ಯುವ ಗ್ಯಾಸ್ ಟಾರ್ಚ್ ಮುಟ್ಟಿಸಬಾರದು ಎಂದು. ಮುಟ್ಟಿಸಿದವನಿಗೆ ಅಂದೆಲ್ಲ ಬೈಗುಳ. ಓದು ಕಲಿಯುವ ಮೊದಲೇ ನಾನು ಕಲಿತ ಅಕ್ಷರ ಅದು. ಕಾಲೇಜಿಗೆ ಹೋದ ಮೇಲೆ ಅದೇ ಗುರುತಿಗೆ ತದ್ವಿರುದ್ಧ ಅರ್ಥ ಕಲಿತೆ. ಕಾಗದದ ಮೇಲೆ ಪೆನ್ಸಿಲ್ ಹಿಡಿದಾಗ ಕಾಲೇಜಿನದು ಬರುತ್ತದೆ, ತಗಡಿನ ಮೇಲೆ ಸೀಮೆಸುಣ್ಣ ಹಿಡಿದಾಗ ಅಪ್ಪನದು. ಎರಡೂ ಒಂದೇ ಆಕಾರ ಎನ್ನುವುದು ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆ ದಿನ ವೇದಿಕೆಯ ಕಡೆಯಿಂದ ನೋಡಿದರೆ ಹೆಬ್ಬಾಗಿಲು ಒಂದು ಪಕ್ಕಕ್ಕೆ ವಾಲಿದ ಹಾಗೆ ಕಾಣುತ್ತಿತ್ತು. ಮೇಲಿನ ಡಬ್ಬವನ್ನು ನಾಲ್ಕು ಅಡಿ ಸರಿಸೋಣ ಎಂದು ಅಲ್ಲೇ ನಿಂತು ತೀರ್ಮಾನಿಸಿದೆ. ಭಾರ ಬೀಳುವ ಜಾಗ ಬದಲಾಯಿತು, ಇಲ್ಲಿ ಕೊಯ್ಯಬೇಡ ಎಂದು ನಿನಗೆ ಹೇಳಬೇಕಿತ್ತು. ಕಂಪ್ರೆಸರ್ ಓಡುತ್ತಿತ್ತು. ನಿನ್ನ ಹತ್ತಿರ ನಕ್ಷೆಯ ಭಾಷೆ ಯಾಕೆ, ನಮ್ಮ ವರ್ಕ್‌ಶಾಪಿನದೇ ಸಾಕು ಎಂದು ಅಪ್ಪನ ಗುರುತು ಹಾಕಿದೆ. ನೀನು ಅಕ್ಕನ ಕೈಬರಹ ಎಂದು ಅದನ್ನು ನನ್ನ ನಕ್ಷೆಯ ಗುರುತಾಗಿ ಓದಿದೆ. ತಿದ್ದಿದ ನಕ್ಷೆ ಸಂಜೆ ಕಚೇರಿಯಿಂದ ಕ್ರೇನಿನವರಿಗಷ್ಟೇ ಹೋಯಿತು. ಅಷ್ಟರಲ್ಲಿ ನೀನು ಕೊಯ್ದಾಗಿತ್ತು.

ಇನ್ನೊಂದಿದೆ. ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಎರಡು ಪ್ರಶ್ನೆ. ಆ ಕಿಟಕಿ ನಿಮ್ಮ ನಕ್ಷೆಯಲ್ಲಿ ಇತ್ತೇ? ಕೊಯ್ಯಲು ನೀವು ಹೇಳಿದಿರಾ? ನೀನು ಕಂಡ ಎರಡು 'ನೋ' ಇವೇ. ಗೋಡೆಯ ಮೇಲೆ ನೀವು ಏನಾದರೂ ಬರೆದಿರಾ ಎಂದು ಯಾರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಆಗಲೇ, ಆ ಕುರ್ಚಿಯಲ್ಲೇ, ನನಗೆ ಅನ್ನಿಸಿತ್ತು. ಹೇಳಿದರೆ ಸುಮ್ಮನೆ ಗೊಂದಲವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೆ ಗೊಂದಲ ಎಂದು ಕೇಳಿಕೊಳ್ಳಲಿಲ್ಲ. ಈ ನಾಲ್ಕು ಸಾಲು ಬರೆಯಲು ಮೂರು ದಿನ ಹಿಡಿಯಿತು.

ಅಕ್ಕ


ಏಪ್ರಿಲ್ 2

ಅಕ್ಕ,

ನಿನ್ನ ಕಾಗದ ಓದಿ ವೆಲ್ಡಿಂಗ್ ಬೆಂಚಿನ ಮೇಲೆ ಕೂತು ನಕ್ಕೆ. ಹೆಂಡತಿ ಹೆದರಿ ಒಳಗಿಂದ ಬಂದಳು. ನಕ್ಕು ಮುಗಿದ ಮೇಲೆ ಎದ್ದು ಹೋಗಿ ಗ್ರೈಂಡರ್ ಹಾಕಿಕೊಂಡೆ, ಕೊಯ್ಯಲು ಏನೂ ಇರಲಿಲ್ಲ.

ಅಪ್ಪನ ಇಂಟು ನನಗೆ ನೆನಪಿಲ್ಲದೆ ಏನು? ನನ್ನ ಆಳುಗಳಿಗೆ ನಾನು ಈಗಲೂ ಅದನ್ನೇ ಹಾಕುವುದು. ನಿನ್ನ ಕೈಯಲ್ಲಿ ಸೀಮೆಸುಣ್ಣ ಕಂಡಾಗ ಮಾತ್ರ ಅದನ್ನು ಬದಿಗಿಟ್ಟೆ. ನೀನು ಕಲಿತವಳು, ನಿನ್ನ ಗುರುತು ನಿನ್ನ ಹಾಗೇ ಓದಬೇಕು ಎಂದು.

ಅಮ್ಮನಿಗೆ ಪೂರ್ತಿ ವಿವರಿಸಿ ಹೇಳಿದೆ, ಗೋಡೆಯ ಮೇಲೆ ಬರೆದೂ ತೋರಿಸಿದೆ. "ಅಯ್ಯೋ ನಿಮ್ಮ! ಇಬ್ಬರಲ್ಲಿ ಒಬ್ಬರಿಗಾದ್ರೂ ಒಂಚೂರು ಜಂಬ ಇದ್ದಿದ್ರೆ ಆ ಹೆಂಗಸಿನ ಕಾಲು ಉಳೀತಿತ್ತಲ್ರೋ" ಎಂದಳು. ಆಮೇಲೆ ಗೋಡೆ ಒರೆಸು ಎಂದಳು.

ನೀನು ಸುಳ್ಳು ಹೇಳಲಿಲ್ಲ ಎಂದು ನನಗೆ ತಿಳಿಯಿತು. ನಾನೂ ಹೇಳಲಿಲ್ಲ ಎಂದು ನಿನಗೆ ತಿಳಿಯಿತು. ಎರಡು ವರ್ಷ ಎದೆಯ ಮೇಲಿದ್ದ ಕಲ್ಲು ಅದು, ಇಳಿಯಿತು. ಆದರೆ ಇದು ಗೊತ್ತಿರುವುದು ನಮ್ಮ ಮೂವರಿಗೆ. ಕಚೇರಿಯ ಕಾಗದಕ್ಕೆ ಗೊತ್ತಿಲ್ಲ. ಅದರಲ್ಲಿ ಈಗಲೂ ಒಬ್ಬ ಫ್ಯಾಬ್ರಿಕೇಟರ್ ತನ್ನ ಮನಸ್ಸಿಗೆ ಬಂದ ಹಾಗೆ ಕಿಟಕಿ ಕೊಯ್ದಿದ್ದಾನೆ.

ಹೋಗಿ ಹೇಳು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಈ ಸಲದ ಕೆಲಸ ನಿನ್ನ ಕೈ ಬಿಟ್ಟು ಹೋಗುತ್ತದೆ, ಅಷ್ಟು ನನಗೂ ತಿಳಿಯುತ್ತದೆ. ಬೇಡ ಎಂದೂ ಹೇಳುವುದಿಲ್ಲ. ಬೇಡ ಎಂದರೆ ನಾನು ದೊಡ್ಡ ಮನುಷ್ಯನಾಗುತ್ತೇನೆ, ನಾಳೆಯಿಂದ ಮತ್ತೆ ನಾಯಿಗೂಡು ಮಾಡುತ್ತೇನೆ. ನನಗೆ ದೊಡ್ಡ ಮನುಷ್ಯನಾಗುವ ಆಸೆ ಇಲ್ಲ. ಡಬ್ಬದ ಮೇಲೆ ಡಬ್ಬ ಇಡುವ ಆಸೆ ಇದೆ.

ಇಂತಿ,
ತಮ್ಮ


ಏಪ್ರಿಲ್ 30

ತಮ್ಮಾ,

ಉತ್ಸವ ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಂಡೆ. ಅದಕ್ಕೆ ಒಳ್ಳೆಯ ಕಾರಣಗಳೂ ಇದ್ದವು: ಅರ್ಧ ಕೆಲಸ ಬಿಟ್ಟರೆ ಬೇರೆಯವರಿಗೆ ತೊಂದರೆ, ಕಚೇರಿಯಲ್ಲಿ ಐದು ಜನರ ಕೆಲಸ ಇದರ ಮೇಲೆ ನಿಂತಿದೆ. ಕಾರಣಗಳನ್ನು ಜೋಡಿಸುವುದರಲ್ಲಿ ನಾನು ಎಷ್ಟು ನುರಿತಿದ್ದೇನೆ ಎಂದು ನೋಡಿ ನನಗೇ ಹೇಸಿಗೆಯಾಯಿತು. ನಿನ್ನ ಕಾಗದ ಬಂದ ಹದಿನೆಂಟನೇ ದಿನ ಹೊರಟೆ.

ಸುರಕ್ಷತಾ ಕಚೇರಿ ಮೂರನೇ ಮಹಡಿ. ಉದ್ದನೆಯ ಕೋಣೆ, ಕಪಾಟುಗಳ ಮೇಲೂ ಫೈಲು, ಕಿಟಕಿಯ ಕಟ್ಟೆಯ ಮೇಲೂ ಫೈಲು. ಅಧಿಕಾರಿ ಅವರೇ, ಅಂದು ವಿಚಾರಣೆ ನಡೆಸಿದವರು. ಕನ್ನಡಕ ಹಣೆಗೆ ಏರಿಸಿ ನನ್ನನ್ನು ಗುರುತು ಹಿಡಿದರು.

"ಆ ಫೈಲು ಮುಗಿದುಹೋಗಿದೆ ಮೇಡಂ. ಯಾರೂ ಕೇಳ್ತಾ ಇಲ್ಲ. ನೀವ್ಯಾಕೆ ಇರುವೆ ಗೂಡಿಗೆ ಕೈ ಹಾಕ್ತೀರಾ?"

"ಅದರಲ್ಲಿ ಒಂದು ಮಾತು ಬಿಟ್ಟುಹೋಗಿದೆ ಸಾರ್."

"ಯಾರು ಬಿಟ್ಟಿದ್ದು?"

"ನಾನು."

ಅವರು ಪೆನ್ನಿನ ಮುಚ್ಚಳ ತೆಗೆದರು. "ಬರೆದುಕೊಟ್ರೆ ನಿಮ್ಮ ಹೆಸರೂ ವರದಿಗೆ ಬರುತ್ತೆ. ಆಮೇಲೆ ನಾನು ಅಳಿಸೋಕಾಗಲ್ಲ" ಎಂದರು. ಅದಕ್ಕೇ ಬಂದಿದ್ದೇನೆ ಎಂದೆ. "ಹಾಗಾದ್ರೆ ಕೂತ್ಕೊಳ್ಳಿ" ಎಂದು ಇಂಗ್ಲಿಷಿನ ನಮೂನೆ ಕೊಟ್ಟರು. ಕನ್ನಡದ್ದು ಕೊಡಿ ಎಂದೆ. ನೀನು ಓದಬೇಕಲ್ಲ.

ಎಲ್ಲ ಬರೆದೆ. ಡಬ್ಬ ಸರಿಸಲು ಹೇಳಿದ್ದು ನಾನು. ಗೋಡೆಯ ಮೇಲೆ ಗುರುತು ಹಾಕಿದ್ದು ನಾನು. ಆ ಗುರುತಿಗೆ ನನ್ನ ನಕ್ಷೆಗಳಲ್ಲೇ ಕೊಯ್ಯುವ ಜಾಗ ಎಂಬ ಅರ್ಥವಿದೆ, ಹಾಗಾಗಿ ಕೊಯ್ದವನು ಓದಿದ್ದು ಸರಿ. ಇದನ್ನು ವಿಚಾರಣೆಯಲ್ಲಿ ಹೇಳದೆ ಬಿಟ್ಟದ್ದು ನಾನು. 'ಸಂಬಂಧ' ಎಂಬಲ್ಲಿ 'ಅಕ್ಕ' ಎಂದು ಬರೆದೆ. "ಸಹೋದರಿ ಅಂತ ಬರೀಬೇಕು" ಎಂದರು. ನಾನು ತಿದ್ದಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ. ಎರಡು ಕಡೆ ಮಾತ್ರ ಕನ್ನಡಕ ಇಳಿಸಿಕೊಂಡು ಳ ಸರಿಮಾಡಿದರು. ಮಿಕ್ಕ ಅಕ್ಷರಗಳೆಲ್ಲ ನನ್ನವೇ.

ಹೊರಗೆ ಬಂದಾಗ ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳು. ಹಸಿವಾಗಿತ್ತು, ಅಷ್ಟೆ. ನಿನಗಾಗಿ ಹೋದೆನೋ ನನಗಾಗಿ ಹೋದೆನೋ ಎಂದು ನೀನು ಕೇಳಿದರೆ ಹೇಳಲಾರೆ. ದಯವಿಟ್ಟು ಕೇಳಬೇಡ.

ನಿನ್ನೆ ಸಮಿತಿಯ ಕಾಗದ ಬಂತು. ನಕ್ಷೆಗಳನ್ನು ಅವರು ಇಟ್ಟುಕೊಳ್ಳುತ್ತಾರೆ, ನನ್ನ ಹೆಸರು ಇರುವುದಿಲ್ಲ. ಮೇಲ್ವಿಚಾರಣೆಗೆ ಬೇರೆ ಎಂಜಿನಿಯರ್ ಬರುತ್ತಾರೆ. ನನ್ನ ಕಚೇರಿಯ ಆ ಹುಡುಗಿಯನ್ನು ಮಾತ್ರ ತೆಗೆಯಬೇಡಿ ಎಂದು ಕೇಳಿಕೊಂಡೆ, ಒಪ್ಪಿದ್ದಾರೆ.

ಅಕ್ಕ


ಜೂನ್ 6

ಪ್ರೀತಿಯ ಅಕ್ಕ,

ಸುರಕ್ಷತಾ ಕಚೇರಿಯಿಂದ ಕಾಗದ ಬಂದು ಹತ್ತು ದಿನವಾಯಿತು. ನನ್ನ ಸಹಿ ಮತ್ತೆ ನಡೆಯುತ್ತದೆ. ನಿನ್ನ ಹೇಳಿಕೆಯ ಪ್ರತಿಯನ್ನೂ ಜೊತೆಗೆ ಇಟ್ಟಿದ್ದಾರೆ. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಕೂಡಿಸಿ ಕೂಡಿಸಿ ಪೂರ್ತಿ ಓದಿದಳು. ಮಡಿಸಿ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು.

ಹತ್ತು ದಿನ ಬರೆಯಲಿಲ್ಲ, ಯಾಕೆಂದರೆ ಮೂರನೇ ದಿನವೇ ಉತ್ಸವದ ಹೊಸ ಎಂಜಿನಿಯರ್ ಬಂದರು. ಜೊತೆಗೆ ನಿನ್ನ ಆ ಹುಡುಗಿಯೂ ಇದ್ದಳು. ಈಗಿರುವ ಫ್ಯಾಬ್ರಿಕೇಟರ್ ಕೈ ಎತ್ತಿದ್ದಾನಂತೆ, ನೀವು ಮಾಡುತ್ತೀರಾ ಎಂದು ಕೇಳಿದರು. ಕೈಗೆ ನಕ್ಷೆ ಕೊಟ್ಟರು. ಹಾಳೆಯ ಮೂಲೆಯಲ್ಲಿ ನಿನ್ನ ಹೆಸರಿದ್ದ ಜಾಗಕ್ಕೆ ಬಿಳಿ ಪಟ್ಟಿ ಅಂಟಿಸಿದ್ದಾರೆ. ಪಟ್ಟಿ ಅಂಟಿಸಿದರೆ ನನಗೆ ತಿಳಿಯುವುದಿಲ್ಲವೇ? ನಿನ್ನ ಗೆರೆ ನಾನು ಕತ್ತಲಲ್ಲೂ ಗುರುತಿಸುತ್ತೇನೆ.

ನೋಡಿ ಹೇಳುತ್ತೇನೆ ಎಂದಿದ್ದೇನೆ. ಈಗ ನೀನು ಹೇಳು. ನಿನ್ನ ಹೆಸರು ತೆಗೆದ ಕೆಲಸವನ್ನು ನಾನು ಹಿಡಿಯಲಾ? ಬೇಡ ಎಂದರೆ ಬೇಜಾರಿಲ್ಲ. ಬೇರೆ ಕೆಲಸಗಳೂ ಬರುತ್ತವೆ. ಆಮೇಲೆ, ಹದಿನಾಲ್ಕನೇ ಹಾಳೆಯಲ್ಲಿ ವೇದಿಕೆಯ ಪಕ್ಕದ ಬಾಗಿಲು ನನಗೆ ಅಗಲ ಹೆಚ್ಚು ಅನ್ನಿಸುತ್ತದೆ. ಗೋಡೆ ಅಷ್ಟು ಉಳಿಸಿದರೆ ಸಾಲದು.

ನಿನ್ನ ತಮ್ಮ


ಜೂನ್ 9

ತಮ್ಮಾ,

ಹಿಡಿ.

ಆ ಹೆಬ್ಬಾಗಿಲು ಬೇರೆ ಯಾರ ಕೈಯಲ್ಲಾದರೂ ಏಳುತ್ತಿದ್ದರೆ ನಾನು ಆ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದೆ. ನಿನ್ನ ಕೈಯಲ್ಲಾದರೆ ದಿನಾ ಅದೇ ರಸ್ತೆಯಲ್ಲಿ ಹೋಗುತ್ತೇನೆ.

ಹದಿನಾಲ್ಕನೇ ಹಾಳೆಯ ಬಾಗಿಲು ಅಗಲವೇ, ನೀನು ಹೇಳಿದ್ದು ಸರಿ. ನೋಡಲು ಚೆನ್ನಾಗಿರುತ್ತದೆ ಎಂದು ಹಿಗ್ಗಿಸಿದ್ದೆ. ಎರಡು ಅಡಿ ಕಡಿಮೆ ಮಾಡು, ಎರಡೂ ಪಕ್ಕಕ್ಕೆ ನೆಲದಿಂದ ಚಾವಣಿಯವರೆಗೆ ಚಾನೆಲ್ ಕೊಡು. ಆ ಎಂಜಿನಿಯರಿಗೆ ಇದು ನಿನ್ನ ಸಲಹೆ ಎಂದೇ ಹೇಳು. ನಿನ್ನದೇ ತಾನೇ.

ಅಕ್ಕ


ಜುಲೈ 4

ಪ್ರೀತಿಯ ಅಕ್ಕ,

ಹನ್ನೊಂದೂ ನಿಂತಿವೆ. ಎಂಟು ಮೂಲೆಯ ಮೇಲೆ ಮೂಲೆ, ಮೂರು ಅಡ್ಡ. ಅಡ್ಡ ಇಟ್ಟ ಮೂರರ ಕೆಳಗೂ ಕಂಬ ಕೊಟ್ಟಿದ್ದೇನೆ. ಯಾವ ಗೋಡೆಯ ಮೇಲೂ ಗುರುತಿಲ್ಲ. ನಿನ್ನ ಹುಡುಗಿ ಒಂದೊಂದು ಜಾಗಕ್ಕೂ ಚೀಟಿ ಬರೆದು ಅಂಟಿಸುತ್ತಾಳೆ: 'ಕೊಯ್ಯಿರಿ', 'ಕೊಯ್ಯಬೇಡಿ'. ಕೆಲಸದವರು ಅವಳಿಗೆ ಚೀಟಿ ಟೀಚರ್ ಎಂದು ಹೆಸರಿಟ್ಟಿದ್ದಾರೆ.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಭಾರದ ಪರೀಕ್ಷೆ. ನಮ್ಮ ಆ ಘಟನೆ ಆದಮೇಲೆ ಹೊಸ ನಿಯಮ ಬಂದಿದೆ. ಮೇಲಿನ ಡಬ್ಬಗಳಿಗೆ ಮರಳಿನ ಚೀಲ ತುಂಬುತ್ತಾರೆ, ಜನ ನಿಂತರೆ ಆಗುವ ತೂಕದ ಒಂದೂವರೆ ಪಟ್ಟು. ಸಹಿ ಮಾಡಿದವರು ಹೆಬ್ಬಾಗಿಲಿನ ಮೇಲೆ ಅಡ್ಡ ಇಟ್ಟ ಡಬ್ಬದ ಕೆಳಗೆ ಹದಿನೈದು ನಿಮಿಷ ನಿಲ್ಲಬೇಕು. ಸಹಿ ನನ್ನದು, ಹಾಗಾಗಿ ನಿಲ್ಲುವವನು ನಾನು. ಹೆಂಡತಿಗೆ ಹೇಳಿಲ್ಲ. ಅಮ್ಮನಿಗೆ ಹೇಗೋ ಗೊತ್ತಾಗಿ, "ಹದಿನೈದು ನಿಮಿಷ ಸುಮ್ನೆ ನಿಂತ್ಕೊಳ್ಳೋದಾ? ಅಷ್ಟು ಹೊತ್ತು ನೀನು ಸುಮ್ನೆ ನಿಂತಿದ್ದನ್ನ ನಾನು ಹೆತ್ತಾಗಿಂದ ನೋಡಿಲ್ಲ" ಎಂದಳು. ಆಮೇಲೆ ಅಂಗಿ ಇಸ್ತ್ರಿ ಮಾಡಿಸಿಟ್ಟಳು.

ಭಯ ಇಲ್ಲ. ಲೆಕ್ಕ ಸರಿ ಇದೆ, ಕೆಲಸವೂ ಸರಿ ಇದೆ. ಆದರೂ ಮೊನ್ನೆ ಒಬ್ಬನೇ ಹೋಗಿ ಆ ಜಾಗದಲ್ಲಿ ನಿಂತು ಮೇಲೆ ನೋಡಿ ಬಂದೆ. ಸುಮ್ಮನೆ ಬರೆದೆ, ನಿನಗೆ ಗೊತ್ತಿರಲಿ ಎಂದು.

ತಮ್ಮ


ಜುಲೈ 8

ತಮ್ಮಾ,

ಹೊಸ ನಿಯಮಾವಳಿಯನ್ನು ತರಿಸಿಕೊಂಡು ಓದಿದೆ. ಸಹಿ ಮಾಡಿದವರು ಕೆಳಗೆ ನಿಲ್ಲತಕ್ಕದ್ದು ಎಂದಿದೆ. ಬೇರೆಯವರು ನಿಲ್ಲಕೂಡದು ಎಂದು ಎಲ್ಲೂ ಇಲ್ಲ. ಎರಡು ಸಲ ಓದಿದೆ. ಆಮೇಲೆ ಮೂರನೇ ಮಹಡಿಗೆ ಹೋಗಿ ಕೇಳಿಯೂ ಬಂದೆ. ಅಧಿಕಾರಿ ಕನ್ನಡಕ ತೆಗೆದು, "ಮೇಡಂ, ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದರು. ಸದ್ಯಕ್ಕೆ ಇಲ್ಲ ಎಂದೆ. ನಕ್ಕು, ಹೆಲ್ಮೆಟ್ ಹಾಕಿಕೊಂಡು ಬನ್ನಿ ಎಂದರು.

ಸಹಿ ನಿನ್ನದು. ಆದರೆ ಆ ಡಬ್ಬ ಅಲ್ಲಿ, ಅಷ್ಟು ಎತ್ತರದಲ್ಲಿ, ಅಡ್ಡ ಕೂರಬೇಕು ಎಂದದ್ದು ನಾನು. ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ಪಟ್ಟಿ ಅಂಟಿಸಬಹುದು, ಅದು ನ್ಯಾಯವೇ. ಆ ಮಾತು ಆಡಿದವಳು ನಾನೇ ಎನ್ನುವುದರ ಮೇಲೆ ಪಟ್ಟಿ ಅಂಟುವುದಿಲ್ಲ.

ಹದಿನಾಲ್ಕಕ್ಕೆ ಎಂಟೂವರೆಗೆಲ್ಲ ಬರುತ್ತೇನೆ. ಕೆಳಗೆ ಸರಿಯಾಗಿ ನಡುವೆ ನಿಲ್ಲಬೇಡ. ಒಂದು ಹೆಜ್ಜೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಡು.

ಅಕ್ಕ